ಹೊಸ್ತಿಲಿನ ಆಚೆಯ ಹೊಣೆ: ಪರಿಸರಕ್ಕೆ ಭಾರವಾಗದ ಗೃಹಜೀವನ

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿ ಇಂದು ಬೆಂಗಳೂರು ಮಹಾನಗರದ ಒಂದು ಬಡಾವಣೆ. ಭಾರತೀಯ ನಿರ್ವಹಣಾ ಸಂಸ್ಥೆಯ ಕಲ್ಲಿನ ಕಟ್ಟಡಗಳೂ ಬಹುಮಹಡಿ ವಸತಿ ಸಮುಚ್ಚಯಗಳೂ ಇರುವ ಈ ನೆಲ ಹಿಂದೆ ಬೇಗೂರು ಹೋಬಳಿಯ ಒಂದು ಹಳ್ಳಿಯಾಗಿತ್ತು. ನಮ್ಮ ಯಾವುದೇ ಹಳ್ಳಿಯಂತೆ ಇಲ್ಲಿಯೂ ನೀರು ಬಾವಿಯಿಂದ, ಕೆರೆಯಿಂದ ಬರುತ್ತಿತ್ತು. ಮನೆಯ ಕಸ ತಿಪ್ಪೆಗೆ ಹೋಗಿ ವರ್ಷದೊಳಗೆ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಬಾವಿಯ ನೀರು ಇಳಿದರೆ ಮನೆಯವರಿಗೆ ಅಂದೇ ತಿಳಿಯುತ್ತಿತ್ತು. ಕೆರೆಯನ್ನು ಕೆಡಿಸಿದವನು ಆ ಕೆರೆಯ ನೀರನ್ನೇ ಕುಡಿಯಬೇಕಾಗಿತ್ತು. ತನ್ನ ಬಳಕೆಯ ಫಲ ತನ್ನ ಕಣ್ಣೆದುರಿಗೇ ಇದ್ದುದರಿಂದ ಮಿತವು ತಾನಾಗಿಯೇ ಬಂದಿತ್ತು.

ಇಂದು ನಲ್ಲಿ ತಿರುಗಿಸಿದರೆ ನೂರು ಕಿಲೋಮೀಟರ್ ಆಚೆಯ ಕಾವೇರಿ ಬರುತ್ತಾಳೆ. ಗುಂಡಿ ಒತ್ತಿದರೆ ರಾಯಚೂರು, ಬಳ್ಳಾರಿಗಳಲ್ಲಿ ಉರಿದ ಕಲ್ಲಿದ್ದಲು ಬೆಳಕಾಗುತ್ತದೆ. ಬಾಗಿಲಿಗೆ ಇಟ್ಟ ಕಸ ಊರಾಚೆಗೆ ಹೋಗುತ್ತದೆ. ಮೂಲವೂ ಕೊನೆಯೂ ಕಣ್ಣಿಗೆ ಕಾಣದಷ್ಟು ದೂರವಾದುದರಿಂದ ಮನೆಯ ಬಳಕೆಗೂ ಪ್ರಕೃತಿಯ ನೋವಿಗೂ ಸಂಬಂಧವೇ ಇಲ್ಲವೆಂಬ ಭ್ರಮೆ ನಮ್ಮಲ್ಲಿ ಬೆಳೆದಿದೆ. ಈ ದೂರವನ್ನು ಕಡಿಮೆ ಮಾಡುವುದೇ ಪರಿಸರಸ್ನೇಹಿ ಗೃಹಜೀವನದ ಸಾರ. ಅದಕ್ಕೆ ದೊಡ್ಡ ಹಣವಾಗಲಿ, ವಿಶೇಷ ವಿದ್ಯೆಯಾಗಲಿ ಬೇಕಿಲ್ಲ. ಕಸ, ನೀರು, ಬಚ್ಚಲ ನೀರು, ಇಂಧನ, ಖರೀದಿ ಎಂಬ ಐದು ವಿಷಯಗಳಲ್ಲಿ ಒಂದು ಕುಟುಂಬ ಮಾಡಬಹುದಾದುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

೧. ಕಸ: ಬೇರ್ಪಡಿಸುವುದು ಮನೆಯಲ್ಲಿ ಮಾತ್ರ ಸಾಧ್ಯ

ಬೆಂಗಳೂರಿನ ಕಸದ ಕಥೆಯಲ್ಲಿ ಎರಡು ಹಳ್ಳಿಗಳ ಹೆಸರನ್ನು ಮರೆಯುವಂತಿಲ್ಲ. ಒಂದು ಮಾವಳ್ಳಿಪುರ, ಇನ್ನೊಂದು ಮಂಡೂರು. ವರ್ಷಗಟ್ಟಲೆ ನಗರದ ಮಿಶ್ರ ಕಸವನ್ನು ಈ ಹಳ್ಳಿಗಳ ಅಂಚಿನಲ್ಲಿ ಸುರಿಯಲಾಯಿತು. ಕೊಳೆತ ಕಸದಿಂದ ಇಳಿದ ಕಪ್ಪು ರಸ ಅಂತರ್ಜಲವನ್ನು ಕೆಡಿಸಿತು. ನೊಣ, ದುರ್ವಾಸನೆ, ಹೊಗೆಗಳ ನಡುವೆ ಜನ ಬದುಕಬೇಕಾಯಿತು. ಗ್ರಾಮಸ್ಥರ ಹೋರಾಟದ ಫಲವಾಗಿ 2012ರಲ್ಲಿ ಮಾವಳ್ಳಿಪುರದ ಭೂಭರ್ತಿ ತಾಣ ಮುಚ್ಚಿತು. ಆಗ ಬೆಂಗಳೂರಿನ ಬೀದಿಬೀದಿಗಳಲ್ಲಿ ಕಸದ ರಾಶಿ ಬಿದ್ದಿತು. ಭಾರವೆಲ್ಲ ಮಂಡೂರಿಗೆ ವರ್ಗವಾಯಿತು. ಅಲ್ಲಿನ ಜನರೂ ರಸ್ತೆಗಿಳಿದ ಮೇಲೆ 2014ರ ಡಿಸೆಂಬರ್ 1ರಿಂದ ಮಂಡೂರಿಗೆ ಕಸ ಸಾಗಿಸುವುದಿಲ್ಲವೆಂದು ಸರ್ಕಾರ ಮಾತು ಕೊಡಬೇಕಾಯಿತು. ನಾವು ಮನೆಯಿಂದ ಹೊರಗೆ ಹಾಕಿದುದನ್ನು ಇನ್ನೊಬ್ಬರು ತಮ್ಮ ಅಂಗಳದಲ್ಲಿ ಅನುಭವಿಸಿದರು ಎಂಬುದೇ ಈ ಕಥೆಯ ತಾತ್ಪರ್ಯ.

ಇದರ ಹಿಂದೆಯೇ, 2015ರ ಡಿಸೆಂಬರ್ 17ರಂದು, ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಎಲ್ಲ ಮನೆಗಳಿಗೂ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯಗೊಳಿಸಿತು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಮೂಲದಲ್ಲಿಯೇ ವಿಂಗಡಣೆಯಾಗಬೇಕೆಂದು ವಿಧಿಸಿದವು. ಪದ್ಧತಿ ಸರಳವಾದುದು.

ಹಸಿರು ಬುಟ್ಟಿಗೆ ಹಸಿ ಕಸ: ತರಕಾರಿ ಸಿಪ್ಪೆ, ಉಳಿದ ಅನ್ನ, ಚಹಾ ಚರಟ, ಬಾಡಿದ ಹೂವು, ಮೊಟ್ಟೆಯ ಚಿಪ್ಪು. ಈ ಬುಟ್ಟಿಗೆ ಪ್ಲಾಸ್ಟಿಕ್ ಚೀಲವನ್ನು ಹೊದಿಸಬಾರದು. ಹಳೆಯ ಪತ್ರಿಕೆಯ ಹಾಳೆ ಸಾಕು.

ಕೆಂಪು ಬುಟ್ಟಿಗೆ ನೈರ್ಮಲ್ಯ ಕಸ: ಬಳಸಿದ ಡೈಪರ್, ಸ್ಯಾನಿಟರಿ ನ್ಯಾಪ್‌ಕಿನ್, ಗಾಯಕ್ಕೆ ಕಟ್ಟಿದ ಬಟ್ಟೆ, ಗುಡಿಸಿದ ಧೂಳು, ಕೂದಲು. ನ್ಯಾಪ್‌ಕಿನ್ ಮತ್ತು ಡೈಪರ್‌ಗಳನ್ನು ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಬೇಕು.

ಚೀಲಕ್ಕೆ ಒಣ ಕಸ: ಕಾಗದ, ರಟ್ಟು, ಬಾಟಲಿ, ಡಬ್ಬಿ, ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟು. ತೊಳೆಯದ ಪ್ಯಾಕೆಟ್ಟು ಎರಡೇ ದಿನಕ್ಕೆ ನಾರುತ್ತದೆ ಮತ್ತು ತನ್ನೊಡನಿರುವ ಕಾಗದವನ್ನೂ ಕೆಡಿಸುತ್ತದೆ.

ಬ್ಯಾಟರಿ, ಕೆಟ್ಟ ಬಲ್ಬು, ಅವಧಿ ಮೀರಿದ ಔಷಧ, ಹಳೆಯ ಮೊಬೈಲುಗಳನ್ನು ಈ ಮೂರರಲ್ಲಿ ಯಾವುದಕ್ಕೂ ಸೇರಿಸದೆ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಸಂಗ್ರಹಕಾರರಿಗೆ ಹಾಗೆಂದು ಹೇಳಿ ಕೊಡಬೇಕು. ಟ್ಯೂಬ್‌ಲೈಟಿನಲ್ಲಿ ಪಾದರಸವಿರುತ್ತದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ‘ಗಾಜು’ ಎಂದು ಮೇಲೆ ಬರೆಯಬೇಕು. ನಾವು ಅವಸರದಲ್ಲಿ ಎಸೆದ ಒಂದು ಗಾಜಿನ ಚೂರು ಅದೇ ದಿನ ಒಬ್ಬ ಪೌರಕಾರ್ಮಿಕರ ಕೈಯನ್ನು ಸೀಳಬಹುದು. ದಿನಗೂಲಿಯ ಮೇಲೆ ಮನೆ ನಡೆಸುವವರಿಗೆ ಕೈಗೆ ಗಾಯವೆಂದರೆ ಒಂದು ವಾರದ ಅನ್ನವೇ ಹೋದಂತೆ.

ಇಷ್ಟು ಶ್ರಮವೇಕೆ, ಮುಂದೆ ಯಂತ್ರಗಳೇ ಬೇರ್ಪಡಿಸಲಾರವೇ ಎಂದು ಕೇಳುವವರಿದ್ದಾರೆ. ಸಾಂಬಾರು ಹೀರಿಕೊಂಡ ಕಾಗದವನ್ನು ಯಾವ ಯಂತ್ರವೂ ಮತ್ತೆ ಕಾಗದವಾಗಿ ಮಾಡಲಾರದು. ಬ್ಯಾಟರಿಯ ರಸ ಸೇರಿದ ಸಿಪ್ಪೆಯಿಂದ ಒಳ್ಳೆಯ ಗೊಬ್ಬರವಾಗದು. ಬೆರೆಸಲು ಕ್ಷಣ ಸಾಕು; ಬೆರೆತುದನ್ನು ಬಿಡಿಸಲು ಕೋಟಿಗಟ್ಟಲೆ ರೂಪಾಯಿ ಸುರಿದರೂ ಪೂರ್ಣವಾಗಿ ಸಾಧ್ಯವಿಲ್ಲ. ಇದಲ್ಲದೆ ಗಾಳಿಯಾಡದ ರಾಶಿಯಲ್ಲಿ ಕೊಳೆಯುವ ಹಸಿ ಕಸದಿಂದ ಮೀಥೇನ್ ಅನಿಲ ಹೊರಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

ಶುದ್ಧವಾದ ಒಣ ಕಸ ಅನೇಕರಿಗೆ ಜೀವನೋಪಾಯವೂ ಆಗಿದೆ. ಬೆಂಗಳೂರಿನ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ದೊರೆತಿದೆ. ‘ಹಸಿರು ದಳ’ದಂತಹ ಸಂಸ್ಥೆಗಳ ನೆರವಿನಿಂದ ಅವರಲ್ಲಿ ಕೆಲವರು ಇಂದು ವಾರ್ಡಿನ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರಗಳನ್ನು ನಡೆಸುತ್ತಿದ್ದಾರೆ. ನಾವು ತೊಳೆದು ಒಣಗಿಸಿ ಕೊಟ್ಟ ಚೀಲ ಅವರ ಪಾಲಿಗೆ ಸಂಪಾದನೆ. ಕೊಳೆತ ಚೀಲ ಬರಿಯ ಹೊರೆ.

೨. ತಿಪ್ಪೆ ಮತ್ತೆ ಮನೆಗೆ ಬರಲಿ

ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿ ಕಸ. ಅದನ್ನು ಮನೆಯಲ್ಲಿಯೇ ಗೊಬ್ಬರ ಮಾಡಿದರೆ ಊರಾಚೆಗೆ ಹೋಗುವ ಹೊರೆ ಒಮ್ಮೆಗೇ ಅರ್ಧಕ್ಕಿಳಿಯುತ್ತದೆ. ಅಂಗಳವಿಲ್ಲದ ಮನೆಗೂ ಇದು ಸಾಧ್ಯ. ಬಾಲ್ಕನಿಯ ಮೂಲೆ ಸಾಕು.

ಪಕ್ಕದಲ್ಲಿ ಸಣ್ಣ ರಂಧ್ರಗಳುಳ್ಳ ಮಣ್ಣಿನ ಗಡಿಗೆ ಅಥವಾ ಹಳೆಯ ಡ್ರಮ್ಮನ್ನು ತೆಗೆದುಕೊಳ್ಳಿ. ತಳಕ್ಕೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹಾಸಿ. ದಿನದ ಹಸಿ ಕಸವನ್ನು ಸಣ್ಣದಾಗಿ ತುಂಡರಿಸಿ ಹಾಕಿ, ಅದರ ಮೇಲೆ ಅಷ್ಟೇ ಪ್ರಮಾಣದ ಒಣ ಎಲೆ ಅಥವಾ ನಾರಿನ ಪುಡಿಯನ್ನು ಮುಚ್ಚಿ. ಆರಂಭದಲ್ಲಿ ಒಂದು ಲೋಟ ಹುಳಿ ಮಜ್ಜಿಗೆಯನ್ನೋ ಒಂದು ಹಿಡಿ ಹಳೆಯ ಗೊಬ್ಬರವನ್ನೋ ಸೇರಿಸಿದರೆ ಸೂಕ್ಷ್ಮಜೀವಿಗಳು ಬೇಗ ಹುಟ್ಟಿಕೊಳ್ಳುತ್ತವೆ. ವಾರಕ್ಕೆರಡು ಬಾರಿ ಕೆದಕಿ ಗಾಳಿಯಾಡಿಸಿ. ಗಡಿಗೆ ತುಂಬಿದ ಮೇಲೆ ಬದಿಗಿರಿಸಿ ಇನ್ನೊಂದನ್ನು ಆರಂಭಿಸಿ. ಎರಡು ತಿಂಗಳ ಸುಮಾರಿಗೆ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ.

ಹೆಚ್ಚಿನವರು ಕೈಬಿಡುವುದು ಮೊದಲ ತಿಂಗಳಲ್ಲಿ, ವಾಸನೆಗೆ ಹೆದರಿ. ವಾಸನೆ ಬಂದರೆ ತೇವ ಹೆಚ್ಚಾಗಿದೆಯೆಂದೇ ಅರ್ಥ. ಒಣ ಎಲೆ ಸೇರಿಸಿ ಕೆದಕಿದರೆ ಎರಡು ದಿನಗಳಲ್ಲಿ ಹೋಗುತ್ತದೆ. ಬಿಳಿ ಹುಳುಗಳು ಕಂಡರೆ ಗಾಬರಿ ಬೇಡ. ಅವೂ ಕಸವನ್ನು ತಿಂದು ಗೊಬ್ಬರ ಮಾಡುವ ಜೀವಿಗಳೇ. ಇರುವೆ ಬಂದರೆ ರಾಶಿ ಒಣಗಿದೆ ಎಂದು ತಿಳಿದು ಸ್ವಲ್ಪ ನೀರು ಚಿಮುಕಿಸಬೇಕು. ಮಾಘ, ಫಾಲ್ಗುಣಗಳಲ್ಲಿ ರಸ್ತೆಬದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಆ ಎಲೆಗಳನ್ನು ರಾಶಿ ಹಾಕಿ ಸುಡುವುದು ಅಪರಾಧ. ಎರಡು ಗೋಣಿಚೀಲ ತುಂಬಿಸಿಟ್ಟುಕೊಂಡರೆ ಹಲವು ತಿಂಗಳ ಗೊಬ್ಬರಕ್ಕೆ ಸಾಕಾಗುತ್ತದೆ.

೩. ನೀರು: ಮಾಡಿನ ಮೇಲೆ ಬೀಳುವ ಕಾವೇರಿ

ಬೆಂಗಳೂರಿಗೆ ಕಾವೇರಿ ನೀರು ಮೊದಲು ಬಂದುದು 1974ರಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮಾರ್ಗವಾಗಿ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಅದನ್ನು ಎತ್ತಲಾಗುತ್ತದೆ. ಒಂದು ಸಾವಿರ ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಏರಿಸಲು ಭೌತಶಾಸ್ತ್ರದ ಲೆಕ್ಕದಂತೆ ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಪಂಪಿನಲ್ಲಿ, ಕೊಳವೆಯಲ್ಲಿ ಆಗುವ ನಷ್ಟ ಸೇರಿದರೆ ಇನ್ನೂ ಹೆಚ್ಚು. ಆದುದರಿಂದ ವ್ಯರ್ಥವಾಗಿ ಹರಿದ ನಲ್ಲಿ ನೀರೆಂದರೆ ವ್ಯರ್ಥವಾಗಿ ಉರಿದ ದೀಪವೂ ಹೌದು.

2024ರ ಬೇಸಿಗೆಯನ್ನು ಬೆಂಗಳೂರಿಗರು ಮರೆತಿರಲಾರರು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆಯೆಂದು ಆಗ ಸರ್ಕಾರವೇ ತಿಳಿಸಿತು. ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು, ತೋಟಕ್ಕೆ ಹಾಯಿಸುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ಸೇರಿತು. ಇದರಿಂದ ನೆಮ್ಮದಿ ದೊರೆತುದು ನಿಜ. ಆದರೆ ನದಿ ಒಂದೇ. ಅದನ್ನು ನಂಬಿದ ರೈತರೂ ಊರುಗಳೂ ಹಲವು.

ಮಿತ ಬಳಕೆಯ ಮಾರ್ಗಗಳು ಪರಿಚಿತವೇ. ಬಕೆಟ್ ಸ್ನಾನಕ್ಕೆ 15ರಿಂದ 20 ಲೀಟರ್ ಸಾಕು. ಹತ್ತು ನಿಮಿಷದ ಷವರ್ ಅದರ ಹಲವು ಪಟ್ಟು ನೀರನ್ನು ಕುಡಿಯುತ್ತದೆ. ನಲ್ಲಿಯ ಬಾಯಿಗೆ ಏರೇಟರ್ ಅಳವಡಿಸಿದರೆ ನೀರಿನ ರಭಸ ಕಡಿಮೆಯಾಗದೆ ಪ್ರಮಾಣ ಇಳಿಯುತ್ತದೆ. ಮನೆಯ ಆರ್‌ಒ ಶುದ್ಧೀಕರಣ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಅದಕ್ಕಿಂತ ಹೆಚ್ಚು ನೀರನ್ನು ಹೊರಚೆಲ್ಲುತ್ತದೆ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ಅಕ್ಕಿ ತೊಳೆದ ನೀರು ಗಿಡಗಳಿಗೆ ಹಿತ.

ಇವೆಲ್ಲಕ್ಕಿಂತ ದೊಡ್ಡ ಸಂಪತ್ತು ತಲೆಯ ಮೇಲಿದೆ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. 1,000 ಚದರ ಅಡಿಯ ಚಾವಣಿಯ ಮೇಲೆ ವರ್ಷಕ್ಕೆ ಸುಮಾರು 90,000 ಲೀಟರ್ ನೀರು ಬೀಳುತ್ತದೆ. ಐದನೆಯ ಒಂದು ಭಾಗ ನಷ್ಟವೆಂದು ಕಳೆದರೂ 72,000 ಲೀಟರ್ ಉಳಿಯುತ್ತದೆ. ತಲಾ 135 ಲೀಟರಿನಂತೆ ನಾಲ್ವರ ಕುಟುಂಬಕ್ಕೆ ಇದು ನಾಲ್ಕು ತಿಂಗಳಿಗೂ ಮಿಕ್ಕಿ ಸಾಲುವಷ್ಟು ನೀರು. ಇದನ್ನು ಚರಂಡಿಗೆ ಬಿಟ್ಟು ಟ್ಯಾಂಕರಿಗೆ ಹಣ ತೆರುವುದು ವಿವೇಕವಲ್ಲ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಂದ ತಿದ್ದುಪಡಿ ಹೊಸ ಮನೆಗಳಿಗೂ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದೆ.

ವ್ಯವಸ್ಥೆಯಲ್ಲಿ ನಾಲ್ಕು ಅಂಗಗಳು: ಸ್ವಚ್ಛವಾದ ಚಾವಣಿ, ಇಳಿಕೊಳವೆ, ಶೋಧಕ, ಸಂಗ್ರಹ ತೊಟ್ಟಿ. ಮೊದಲ ಮಳೆಯ ಧೂಳು ನೀರನ್ನು ಹೊರಬಿಡಬೇಕು. ತೊಟ್ಟಿ ತುಂಬಿ ಹೆಚ್ಚಾದುದನ್ನು ಇಂಗುಬಾವಿಗೆ ಹರಿಸಬೇಕು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಸಿಮೆಂಟ್ ಉಂಗುರಗಳ ಬಾವಿ ಸಾಮಾನ್ಯ ನಿವೇಶನಕ್ಕೆ ಹೊಂದುತ್ತದೆ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಭೋವಿ ಸಮುದಾಯದ ಕುಶಲಿಗಳು ಇಂದಿಗೂ ಬೆಂಗಳೂರಿನ ಸುತ್ತ ಇದ್ದಾರೆ. ಇಂಗುಬಾವಿಯಿಂದ ನೆಲಕ್ಕೆ ನೀರು, ಅವರಿಗೆ ಕಾಯಕ, ಎರಡೂ ದೊರೆಯುತ್ತವೆ. ಬಿಳೇಕಹಳ್ಳಿಯವರು ಇದನ್ನು ಕಣ್ಣಾರೆ ಕಂಡು ಕಲಿಯಲು ದೂರ ಹೋಗಬೇಕಿಲ್ಲ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಉದ್ಯಾನದಲ್ಲಿ ಮಾದರಿಗಳನ್ನು ನಿರ್ಮಿಸಿದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಕಟ್ಟಿಸಿದ ತಮ್ಮ ‘ಸೌರಭ’ ಮನೆಯಲ್ಲಿ ಮಳೆನೀರನ್ನೇ ನಂಬಿ ದಶಕಗಳ ಕಾಲ ಸಂಸಾರ ನಡೆಸಿ ತೋರಿಸಿದ್ದಾರೆ. ಮಾಡಿ ತೋರಿಸಿದವರ ಮಾತಿಗೆ ತೂಕ ಹೆಚ್ಚು.

೪. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಬಿಳೇಕಹಳ್ಳಿಯ ಪಕ್ಕದಲ್ಲಿಯೇ ಮಡಿವಾಳ ಕೆರೆಯಿದೆ. ಅಲ್ಲಿಂದ ಅಗರ, ಬೆಳ್ಳಂದೂರು, ವರ್ತೂರು ಎಂದು ಕೆರೆಗಳ ಸರಪಳಿ ಸಾಗಿ, ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ, ಗಡಿಯಾಚೆಯ ಹೊಸೂರಿನ ಕೆಲವರಪಲ್ಲಿ ಜಲಾಶಯವನ್ನು ಮುಟ್ಟುತ್ತದೆ. ಒಂದು ಕೆರೆ ತುಂಬಿ ಕೋಡಿ ಹರಿದು ಇನ್ನೊಂದನ್ನು ತುಂಬುವಂತೆ ಹಿರಿಯರು ಕಟ್ಟಿದ ವ್ಯವಸ್ಥೆ ಇದು. ಇದೇ ದಾರಿಯಲ್ಲಿ ಇಂದು ನಮ್ಮ ಸಾಬೂನಿನ ನೀರೂ ಹರಿಯುತ್ತಿದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದುದನ್ನೂ 2015ರಲ್ಲಿ, ಮತ್ತೆ 2017ರಲ್ಲಿ, ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡುದನ್ನೂ ಜಗತ್ತೇ ನೋಡಿತು. ಆ ನೊರೆಗೆ ಮುಖ್ಯ ಕಾರಣ ಶುದ್ಧೀಕರಣವಾಗದೆ ಹರಿದ ಕೊಳಚೆಯಲ್ಲಿನ ಮಾರ್ಜಕಗಳು. ಕೆಲವರಪಲ್ಲಿಯ ಕೆಳಗಿನ ರೈತರು ಇಂದಿಗೂ ನೊರೆಗೂಡಿದ ನೀರನ್ನು ಕಾಣುತ್ತಿದ್ದಾರೆ. ಇನ್ನೊಂದು ಕಡೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ನಮ್ಮ ಬಚ್ಚಲಿನಿಂದ ಹೊರಟ ನೀರನ್ನು ನಂಬಿ ಬೆಳೆ ತೆಗೆಯುವವರು ಇದ್ದಾರೆಂಬುದನ್ನು ನೆನೆದರೆ ಕೈಯಲ್ಲಿನ ಸೋಪಿನ ಪುಡಿಯ ಅಳತೆ ತಾನಾಗಿಯೇ ಇಳಿಯುತ್ತದೆ.

ಬಟ್ಟೆಗೆ ಬೇಕಾದಷ್ಟೇ ಪುಡಿ ಹಾಕುವುದು, ಫಾಸ್ಫೇಟ್ ಇಲ್ಲದುದನ್ನು ಕೊಳ್ಳುವುದು ಮೊದಲ ಹೆಜ್ಜೆ. ಅಂಟುವಾಳ, ಸೀಗೆಕಾಯಿಗಳನ್ನು ನಮ್ಮ ಅಜ್ಜಿಯರು ಬಳಸುತ್ತಿದ್ದರು. ಮಿಶ್ರಣ ಮಾಡಿ ಪಾತ್ರೆ, ಬಟ್ಟೆ ಎರಡಕ್ಕೂ ಬಳಸಬಹುದು. ನೆಲ ಒರೆಸಲು ಹಣ್ಣಿನ ಸಿಪ್ಪೆಯ ದ್ರಾವಣ ಮಾಡಿಕೊಳ್ಳಬಹುದು: ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಅಥವಾ ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು. ಇವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೇಲೆ ಸ್ವಲ್ಪ ಜಾಗ ಬಿಟ್ಟು, ಮೂರು ತಿಂಗಳು ಇಡಬೇಕು. ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಅನಿಲ ಬಿಡುವುದನ್ನು ಮರೆಯಬಾರದು. ಕರಿದ ಎಣ್ಣೆಯನ್ನು ತೊಟ್ಟಿಗೆ ಸುರಿಯದೆ ಪಾತ್ರೆಯನ್ನು ಕಾಗದದಿಂದ ಒರೆಸಿ ತೊಳೆಯಬೇಕು. ಚಾವಣಿಯ ಮಳೆನೀರನ್ನು ಒಳಚರಂಡಿಗೆ ಜೋಡಿಸಬಾರದು. ಜೋಡಿಸಿದರೆ ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ನೆರೆಮನೆಗೂ ಕೆರೆಗೂ ನುಗ್ಗುತ್ತದೆ.

೫. ವಿದ್ಯುತ್ತು ಮತ್ತು ಇಂಧನ

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಅನೇಕರ ಬಿಲ್ಲು ಶೂನ್ಯವಾಗಿದೆ. ಬಿಲ್ಲು ಶೂನ್ಯವಾದರೂ ಉರಿದ ಕಲ್ಲಿದ್ದಲು ಶೂನ್ಯವಾಗದು; ಅದರ ಬೂದಿ ಶಕ್ತಿನಗರದ ಸುತ್ತಲ ಹಳ್ಳಿಗಳ ಗಾಳಿಯಲ್ಲಿರುತ್ತದೆ.

ಮನೆಯಲ್ಲಿ ಹೆಚ್ಚು ವಿದ್ಯುತ್ ಬೇಡುವುದು ಬಿಸಿನೀರು. ನಾಲ್ವರಿಗೆ ತಲಾ 20 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿಯೇರಿಸಲು ದಿನಕ್ಕೆ ಸುಮಾರು 2.8 ಯೂನಿಟ್, ಎಂದರೆ ತಿಂಗಳಿಗೆ 80ಕ್ಕೂ ಹೆಚ್ಚು ಯೂನಿಟ್ ಬೇಕು. ಸೌರ ಜಲತಾಪಕ ಇದನ್ನು ಬಹುಪಾಲು ಉಳಿಸುತ್ತದೆ. ಹಳೆಯ 75 ವ್ಯಾಟ್ ಫ್ಯಾನಿನ ಬದಲು 35 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ 18 ಯೂನಿಟ್ ಮಿಗುತ್ತದೆ. ಚಾವಣಿಯ ಮೇಲೆ ಸೌರ ಫಲಕ ಹಾಕಿಸುವವರಿಗೆ 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿಗಳವರೆಗೆ ಸಹಾಯಧನ ನಿಗದಿಯಾಗಿದೆ. ಬೇಳೆ, ಕಾಳುಗಳನ್ನು ಮೊದಲೇ ನೆನೆಸಿ ಕುಕ್ಕರಿನಲ್ಲಿ ಬೇಯಿಸುವುದು, ಪಾತ್ರೆಗೆ ಮುಚ್ಚಳವಿಡುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು ಗ್ಯಾಸನ್ನು ಉಳಿಸುವ ಹಳೆಯ, ಖರ್ಚಿಲ್ಲದ ಉಪಾಯಗಳು.

೬. ಬೇಕಾದಷ್ಟೇ ತರುವುದು

ಮನೆಗೆ ಬಾರದ ವಸ್ತು ಕಸವಾಗದು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷಿದ್ಧವಾದವು. ಕಾನೂನು ಪೂರ್ಣಗೊಳ್ಳುವುದು ಬಾಗಿಲ ಹಿಂದಿನ ಮೊಳೆಗೆ ಬಟ್ಟೆಯ ಚೀಲ ತೂಗುಹಾಕಿದಾಗ. ಗೃಹಪ್ರವೇಶ, ನಾಮಕರಣಗಳಿಗೆ ಬಾಳೆಲೆ ಅಥವಾ ಸ್ಟೀಲಿನ ತಟ್ಟೆ ಬಳಸಬಹುದು. ಗವಿಪುರದ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ತಟ್ಟೆ, ಲೋಟಗಳನ್ನು ಎರವಲು ಕೊಡುವ ‘ತಟ್ಟೆ ಬ್ಯಾಂಕ್’ ನಡೆಸುತ್ತಿದೆ. ಗಣೇಶ ಹಬ್ಬಕ್ಕೆ ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನು ತಂದು ಮನೆಯ ಬಕೆಟ್ಟಿನಲ್ಲಿಯೇ ವಿಸರ್ಜಿಸಿದರೆ ಆ ಮಣ್ಣು ತುಳಸಿಯ ಕುಂಡ ಸೇರುತ್ತದೆ.

ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ತಂದಲ್ಲಿಗೇ ಹಿಂದಿರುಗಿಸಿ ಬನ್ನಿರೆಂದು ಪತ್ನಿ ಲಕ್ಕಮ್ಮನವರು ಹೇಳಿ ಕಳುಹಿಸಿದ ಪ್ರಸಂಗ ನಮಗೆಲ್ಲ ತಿಳಿದಿದೆ. ಬಡತನದ ಮನೆಯಲ್ಲಿ ನಿಂತು ಆ ತಾಯಿ ಆಡಿದ ಮಾತು ಇದು. ಫ್ರಿಜ್ಜಿನಲ್ಲಿ ವಾರದಿಂದ ಉಳಿದ ತರಕಾರಿಯನ್ನು ಕಸಕ್ಕೆ ಹಾಕುವ ಹೊತ್ತಿನಲ್ಲಿ ಅವರನ್ನು ಒಮ್ಮೆ ನೆನೆಯಬೇಕು. ತಟ್ಟೆಯಲ್ಲಿ ಬಿಟ್ಟ ಒಂದು ಹಿಡಿ ಅನ್ನದೊಡನೆ ಅದನ್ನು ಬೆಳೆದ ಗದ್ದೆಯ ನೀರು, ಸಾಗಿಸಿದ ಲಾರಿಯ ಎಣ್ಣೆ, ಬೇಯಿಸಿದ ಗ್ಯಾಸು, ರೈತನ ಬೆವರು ಎಲ್ಲವೂ ಬುಟ್ಟಿಗೆ ಬೀಳುತ್ತವೆ.

ಎಲ್ಲಿಂದ ಆರಂಭಿಸಬೇಕು?

ಎಲ್ಲವನ್ನೂ ಒಂದೇ ದಿನ ಹಿಡಿದವರು ಒಂದೇ ವಾರದಲ್ಲಿ ಬಿಡುತ್ತಾರೆ. ಮೊದಲ ವಾರ ಎರಡು ಬುಟ್ಟಿ, ಒಂದು ಚೀಲವನ್ನು ರೂಢಿಸಿಕೊಳ್ಳಿ. ಎರಡನೆಯ ವಾರ ಸೋರುವ ನಲ್ಲಿಗಳನ್ನು ಸರಿಪಡಿಸಿ, ಏರೇಟರ್ ಹಾಕಿಸಿ. ಮೂರನೆಯ ವಾರ ಗೊಬ್ಬರದ ಗಡಿಗೆ ತನ್ನಿ. ನಾಲ್ಕನೆಯ ವಾರ ನೀರಿನ ಮತ್ತು ವಿದ್ಯುತ್ತಿನ ಮೀಟರ್ ಅಂಕಿಗಳನ್ನು ಬರೆದಿಡಲು ಮಕ್ಕಳಿಗೆ ಹೇಳಿ. ಲೆಕ್ಕ ಬರೆಯುವ ಮನೆಯಲ್ಲಿ ಉಳಿತಾಯ ತಾನಾಗಿ ಬರುತ್ತದೆ. ಮುಂದಿನ ಮಳೆಗಾಲದೊಳಗೆ ಚಾವಣಿಯ ಕೊಳವೆಗೆ ಶೋಧಕ ಜೋಡಿಸಿ. ಮನೆಗೆಲಸದಲ್ಲಿ ನೆರವಾಗುವವರಿಗೂ ಈ ಕ್ರಮವನ್ನು ಗೌರವದಿಂದ ವಿವರಿಸಬೇಕು. ಅವರನ್ನು ಬಿಟ್ಟು ಮಾಡಿದ ವ್ಯವಸ್ಥೆ ನಿಲ್ಲದು.

ಒಂದು ಮನೆಯಿಂದ ಏನಾದೀತು ಎಂಬ ಸಂಶಯ ಸಹಜ. ಮಂಡೂರಿನ ಬೆಟ್ಟದಂಥ ರಾಶಿಯೂ ಒಂದೊಂದು ಮನೆಯ ಒಂದೊಂದು ಬುಟ್ಟಿಯಿಂದಲೇ ಬೆಳೆದುದು. ಕೂಡಿಸಿದ ಕೈಗಳೇ ಕಳೆಯಲೂ ಬಲ್ಲವು. ನಾಳೆ ಬೆಳಗ್ಗೆ ಬಾಗಿಲಿಗೆ ಬರುವ ಪೌರಕಾರ್ಮಿಕರ ಕೈಗೆ ಬೇರ್ಪಡಿಸಿದ ಬುಟ್ಟಿಯನ್ನು ಕೊಟ್ಟು, ಅವರಿಗೊಂದು ಶರಣು ಹೇಳುವುದರಿಂದ ಈ ಕಾಯಕ ಆರಂಭವಾಗಲಿ.